ಸಮಾಧಾನ ಕರೀ ಲೋ

ಗುಜರಾತಿಯಲ್ಲಿ ‘ಸಮಾಧಾನ’ ಎಂದರೆ ರಾಜಿ. ಹಾವೇರಿ ಕಡೆಯ ಕಿವಿಗೆ ‘ಸಮಾಧಾನ್ ಕರೀ ಲೋ’ ಎಂದರೆ ಸಿಟ್ಟು ಇಳಿಸಿಕೋ ಮಾರಾಯ ಎಂದೇ ಕೇಳುತ್ತದೆ. ನಮ್ಮಲ್ಲಿ ಸಮಾಧಾನ ಒಬ್ಬರ ಮನಸ್ಸಿನೊಳಗೆ ಆಗುವಂಥದ್ದು. ಇಲ್ಲಿ ಅದಕ್ಕೆ ಇಬ್ಬರು ಬೇಕು, ಇಬ್ಬರ ನಡುವೆ ಒಂದು ಮೊತ್ತವೂ ಬೇಕು. ವಡೋದರದಲ್ಲಿ ಹನ್ನೊಂದು ವರ್ಷ ಕಳೆದ ಮೇಲೂ ಆ ಪದ ಕೇಳಿದಾಗ ಮೊದಲು ನೆನಪಾಗುವುದು ಕನ್ನಡದ ಅರ್ಥವೇ.

2023ರ ನವರಾತ್ರಿಗೆ ಮುಂಚಿನ ಶನಿವಾರ ಮಗಳಿಗೆ ಚಣಿಯಾ ಚೋಳಿ ಕೊಳ್ಳಲು ಅಲ್ಕಾಪುರಿಗೆ ಹೋಗಿದ್ದೆವು. ರೈಲ್ವೆ ಸ್ಟೇಷನ್ನಿನ ಪಶ್ಚಿಮಕ್ಕೆ, ಆರ್.ಸಿ. ದತ್ತ ರಸ್ತೆಯ ಆಸುಪಾಸಿನ ಈ ಬಡಾವಣೆಯಲ್ಲಿ ಬ್ಯಾಂಕು, ಹೋಟೆಲು, ಬಟ್ಟೆ ಅಂಗಡಿ ಎಲ್ಲವೂ ಒತ್ತೊತ್ತಾಗಿವೆ. ಗರ್ಬಾ ಹತ್ತಿರ ಬಂದರಂತೂ ಗಾಡಿ ನಿಲ್ಲಿಸಲು ಅಂಗೈಯಗಲ ಜಾಗವಿರುವುದಿಲ್ಲ. ಒಂದು ಕಾಂಪ್ಲೆಕ್ಸಿನ ನೆಲಮಾಳಿಗೆಯಲ್ಲಿ ಹುಡುಗನ ಕೈಗೆ ಕೀಲಿ ಕೊಟ್ಟು ಟೋಕನ್ ಪಡೆದೆವು. ಒಂದರ ಹಿಂದೊಂದು ಕಾರು ನಿಲ್ಲಿಸಿ, ಕೇಳಿದವರಿಗೆ ತೆಗೆದುಕೊಡುವುದು ಅವನ ಕೆಲಸ. ಟೋಕನ್ನಿನ ಹಿಂದೆ ‘ಮಾಲಿಕ್‌ನಾ ಜೋಖಮೇ’ ಎಂದು ಅಚ್ಚಾಗಿತ್ತು. ಏನಾದರೂ ಆದರೆ ಗಾಡಿಯ ಮಾಲೀಕರದೇ ಹೊಣೆ ಎಂದು ಅದರ ಅರ್ಥ.

ಒಂದೂವರೆ ಗಂಟೆಯ ನಂತರ ಇಳಿದು ಬಂದಾಗ ಕಾರಿನ ಎಡ ಹಿಂಭಾಗ ಕಂಬಕ್ಕೆ ತಗುಲಿ ನಗ್ಗಿತ್ತು. ಬಂಪರ್ ಸೀಳಿತ್ತು, ಹಿಂದಿನ ದೀಪ ಒಡೆದಿತ್ತು, ಬಾಗಿಲಿನ ತನಕ ಗೀರು. ಹುಡುಗ ಓಡಿಹೋಗಿರಲಿಲ್ಲ. ಗಾಡಿಯ ಪಕ್ಕದಲ್ಲೇ ನಿಂತು, “ಸಾಹೇಬ್, ಗೋಬೋ ಪಡ್ಯೋ ಛೇ” ಎಂದ. ಗೋಬೋ ಎಂದರೆ ನಮ್ಮ ನಗ್ಗು. ಇಪ್ಪತ್ತರ ಆಸುಪಾಸಿನ ಹುಡುಗ, ದಾಹೋದ್ ಕಡೆಯವನು. ಕಂಬದ ಮೇಲಿನ ಟ್ಯೂಬ್‌ಲೈಟ್ ಉರಿಯುತ್ತಿರಲಿಲ್ಲ. ಮುಂದೆಯೂ ಪಕ್ಕದಲ್ಲೂ ಗಾಡಿಗಳು, ಹಿಂದಕ್ಕೆ ತೆಗೆಯದೆ ಅವನಿಗೆ ಬೇರೆ ದಾರಿ ಇರಲಿಲ್ಲ.

ಗುತ್ತಿಗೆದಾರರ ಕಡೆಯ ಮೇಲ್ವಿಚಾರಕರು ಬಂದು ಮೊದಲು ಟೋಕನ್ನಿನ ಹಿಂಬದಿ ತೋರಿಸಿದರು. ನಾವು ಜಗ್ಗದಿದ್ದಾಗ, “ಹುಡುಗನ ಪಗಾರದಲ್ಲಿ ಹಿಡಿದು ಕೊಡಿಸ್ತೀನಿ, ಸಮಾಧಾನ್ ಕರೀ ಲೋ” ಎಂದರು. ಅವನ ಪಗಾರ ತಿಂಗಳಿಗೆ ಒಂಬತ್ತು ಸಾವಿರ. ಪೋರ್ಚುಗೀಸರಿಂದ ಬಂದ ಈ ‘ಪಗಾರ’ ಗುಜರಾತಿಗೂ ನಮ್ಮ ಹಾವೇರಿಗೂ ಒಂದೇ. ಹಾಗಾಗಿ ಆ ಮಾತು ಅರ್ಥವಾಗಲು ತಡವಾಗಲಿಲ್ಲ. ಕಂಬ, ಟ್ಯೂಬ್‌ಲೈಟ್, ಕಾರು, ಟೋಕನ್ನಿನ ಎರಡೂ ಬದಿ, ಎಲ್ಲದರ ಫೋಟೋ ತೆಗೆದುಕೊಂಡು, ಸೋಮವಾರ ಬರುತ್ತೇನೆ ಎಂದು ಹೇಳಿ ಹೊರಟೆ.

ಗ್ಯಾರೇಜಿನಲ್ಲಿ ತೆರಿಗೆ ಬಿಟ್ಟು ಹದಿನೆಂಟು ಸಾವಿರದ ಅಂದಾಜು ಬರೆದುಕೊಟ್ಟರು. ಬಂಪರ್ 4,200, ದೀಪ 3,600, ಎರಡು ಭಾಗಕ್ಕೆ ಪೇಂಟು 8,000, ನಗ್ಗು ತೆಗೆಯುವ ಕೂಲಿ 2,200. ಹುಡುಗನ ಸರಿಯಾಗಿ ಎರಡು ತಿಂಗಳ ಪಗಾರ.

“ವಿಮೆ ಇದೆಯಲ್ಲ, ಯಾಕೆ ತಲೆಬಿಸಿ” ಎಂದರು ಆಫೀಸಿನವರು. ವಿಮೆ ಇತ್ತು, ನಮ್ಮ ಗಾಡಿಯ ಹಾನಿಯನ್ನೂ ತುಂಬಿಕೊಡುವ ಪಾಲಿಸಿಯೇ. ಆದರೆ ಕೂತು ಲೆಕ್ಕ ಹಾಕಿದೆ. ಸವಕಳಿ ಮನ್ನಾ ಮಾಡುವ ‘ಝೀರೋ ಡೆಪ್’ ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಬೆಲೆ ಕಡಿಯುತ್ತಾರೆ: ಬಂಪರು, ದೀಪ ಸೇರಿ 3,900 ಹೋಯಿತು. ಪೇಂಟಿನ ಬಿಲ್ಲಿನಲ್ಲಿ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ ಕಡಿಯುತ್ತಾರೆ: ಇನ್ನೊಂದು ಸಾವಿರ. 1500 ಸಿಸಿ ಒಳಗಿನ ಕಾರಿಗೆ ನಾವೇ ಹಾಕಬೇಕಾದ ಕಡ್ಡಾಯ ಪಾಲು ಮತ್ತೊಂದು ಸಾವಿರ. ಉಳಿದದ್ದು 12,100.

ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಕ್ಲೇಮು ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ 20, 25, 35, 45, 50 ಶೇಕಡಾ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಒಂದು ಸಲ ಕ್ಲೇಮು ಮಾಡಿದರೆ ಮತ್ತೆ ಸೊನ್ನೆಯಿಂದ ಶುರು. ನಾನು ಮುಂದಿನ ನವೀಕರಣಕ್ಕೆ ಐವತ್ತರ ಮೆಟ್ಟಿಲು ಹತ್ತುವವನಿದ್ದೆ. ಗಾಡಿಯ ಹಾನಿಗೆ ಕಟ್ಟುವ ಕಂತು ಏಳು ಸಾವಿರ ಎಂದೇ ಇಟ್ಟುಕೊಂಡರೂ, ಐವತ್ತಕ್ಕೆ ಮರಳಿ ತಲುಪುವ ಹೊತ್ತಿಗೆ ಐದು ನವೀಕರಣಗಳಲ್ಲಿ ಕೈತಪ್ಪುವ ರಿಯಾಯಿತಿ 3,500, 2,100, 1,750, 1,050, 350, ಒಟ್ಟು 8,750. ಹದಿನೆಂಟು ಸಾವಿರದ ನುಕಸಾನಿಗೆ ವಿಮೆಯಿಂದ ನಿಜವಾಗಿ ದಕ್ಕುವುದು 3,350 ರೂಪಾಯಿ. ದೊಡ್ಡ ಅಪಘಾತಕ್ಕೆ ವಿಮೆ ಬೇಕೇ ಬೇಕು. ಕಂಬದ ನಗ್ಗಿಗೆ ಅದು ದುಬಾರಿ ಔಷಧ.

ಏಜೆಂಟರಿಗೆ ಇದನ್ನೆಲ್ಲ ಹೇಳಿದಾಗ ಅವರು ಇನ್ನೊಂದು ಸಲಹೆ ಕೊಟ್ಟರು: “ಕ್ಲೇಮೇ ಮಾಡೋದಾದ್ರೆ ನೀವೇ ಓಡಿಸ್ತಿದ್ರಿ ಅಂತ ಬರೀರಿ. ಹುಡುಗನ ಲೈಸೆನ್ಸು ಕೇಳ್ತಾರೆ.” ಸುಳ್ಳು ಬರೆದು ಸಹಿ ಹಾಕಲು ನನಗೆ ಮನಸ್ಸಾಗಲಿಲ್ಲ. ನಿಜ ಬರೆದರೆ, ಹಣ ಕೊಟ್ಟ ಕಂಪನಿಯವರು ತಪ್ಪು ಯಾರದೋ ಅವರಿಂದ ವಸೂಲಿಗೆ ಹೋಗಬಹುದು. ಹಾಗೆ ಹೋದ ಒಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಮುಟ್ಟಿದೆ.

1998ರ ಆಗಸ್ಟಿನಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದವರೊಬ್ಬರು ತಮ್ಮ ಮಾರುತಿ ಝೆನ್ ಕೀಲಿಯನ್ನು ಹೋಟೆಲಿನ ಸಿಬ್ಬಂದಿಗೆ ಕೊಟ್ಟರು. ರಾತ್ರಿ ಹೊರಬಂದಾಗ ಕಾರು ಕಳುವಾಗಿತ್ತು. ಅಲ್ಲಿನ ಚೀಟಿಯಲ್ಲೂ ‘ಮಾಲೀಕರದೇ ಹೊಣೆ’ ಎಂದಿತ್ತು. ವಿಮಾ ಕಂಪನಿ ಮಾಲೀಕರಿಗೆ ಹಣ ಕೊಟ್ಟು, ಹೋಟೆಲಿನ ಮೇಲೆ ಗ್ರಾಹಕ ಆಯೋಗಕ್ಕೆ ಹೋಯಿತು. 2019ರ ನವೆಂಬರಿನಲ್ಲಿ ಅಂತಿಮ ತೀರ್ಪು ಬಂತು: ಕೀಲಿ ಪಡೆದ ಮೇಲೆ ಗಾಡಿ ಜೋಪಾನ ಮಾಡುವ ಹೊಣೆ ಹೋಟೆಲಿನದು, ತನ್ನದೇ ನಿರ್ಲಕ್ಷ್ಯವಿದ್ದಾಗ ಚೀಟಿಯ ಸಾಲು ತೋರಿಸಿ ಪಾರಾಗುವಂತಿಲ್ಲ. ಪೀಠದಲ್ಲಿದ್ದವರು ನ್ಯಾಯಮೂರ್ತಿ ಮೋಹನ ಶಾಂತನಗೌಡರ ಮತ್ತು ಅಜಯ್ ರಸ್ತೋಗಿ. ಶಾಂತನಗೌಡರ ಅವರು ನಮ್ಮ ಹಾವೇರಿ ಜಿಲ್ಲೆಯ ಚಿಕ್ಕೇರೂರಿನವರು, 2021ರಲ್ಲಿ ತೀರಿಕೊಂಡರು. ಅಲ್ಕಾಪುರಿಯ ನೆಲಮಾಳಿಗೆಯ ಜಗಳಕ್ಕೆ ಹಿರೇಕೆರೂರು ತಾಲ್ಲೂಕಿನ ಆಸರೆ ಸಿಕ್ಕಿತು.

ಐದು ನಕ್ಷತ್ರದ ಹೋಟೆಲೂ ಅಂಗಡಿಗಳ ನೆಲಮಾಳಿಗೆಯೂ ಒಂದೇ ಅಲ್ಲ ಎಂದು ಯಾರಾದರೂ ವಾದಿಸಬಹುದು. ಆದರೆ ಇನ್ನೊಬ್ಬರ ವಸ್ತುವನ್ನು ನಂಬಿಕೆಯಿಂದ ಪಡೆದವರು ಅದನ್ನು ತಮ್ಮದರಂತೆ ನೋಡಿಕೊಳ್ಳಬೇಕೆಂಬ ಮಾತು 1872ರ ಕರಾರು ಕಾಯ್ದೆಯಲ್ಲೇ ಇದೆ. ಪಗಾರದ ವಿಷಯಕ್ಕೆ 1936ರ ವೇತನ ಪಾವತಿ ಕಾಯ್ದೆ ಇತ್ತು: ಕೆಲಸಗಾರನ ವಶಕ್ಕೆ ಕೊಟ್ಟ ವಸ್ತು ಅವನದೇ ನಿರ್ಲಕ್ಷ್ಯದಿಂದ ಹಾಳಾಗಿದ್ದರೆ ಮಾತ್ರ ಹಿಡಿಯಬಹುದು, ಅದೂ ಅವನ ಮಾತು ಕೇಳಿದ ನಂತರ. ಕತ್ತಲ ಕಂಬಕ್ಕೆ ಹುಡುಗ ಹೊಣೆಯಲ್ಲ.

ಭಾನುವಾರ ಅವ್ವನಿಗೆ ಫೋನಿನಲ್ಲಿ ಹೇಳಿದೆ.

“ಮಂದಿಗೇನೂ ಆಗಿಲ್ಲ ಹೌದಿಲ್ಲೊ?”

“ಇಲ್ಲವ್ವ.”

“ಹಂಗಾದ್ರ ಕಬ್ಬಣದ್ದು ಬಿಡು. ಆ ಹುಡುಗನ ಪಗಾರಕ್ಕ ಕೈ ಹಾಕಬ್ಯಾಡ್ರಿ ಅಂತ ಮಾತ್ರ ಹೇಳು.”

“ಹಂಗಂತ ನಾನ ಸುಮ್ನ ಎಲ್ಲಾ ತುಂಬ್ಲೇನು?”

“ನೀ ಯಾಕ ತುಂಬ್ತಿ? ಟೋಕನ್ ರೊಕ್ಕ ಯಾರ ಕೈಗೆ ಹೋಗತೈತಿ, ಅವರ ತುಂಬ್ಲಿ.”

ಸುಪ್ರೀಂ ಕೋರ್ಟಿಗೆ ಇಪ್ಪತ್ತೊಂದು ವರ್ಷ ಹಿಡಿದದ್ದನ್ನು ಅವ್ವ ಒಂದು ಸಾಲಿನಲ್ಲಿ ಮುಗಿಸಿದಳು.

ಸೋಮವಾರ ಅಂಗಡಿಕಾರರ ಸಂಘದ ಕಾರ್ಯದರ್ಶಿಗೆ ಒಂದು ಪುಟದ ಪತ್ರ ಕೊಟ್ಟೆ. ಫೋಟೋಗಳು, ಟೋಕನ್ನಿನ ನಕಲು, ಗ್ಯಾರೇಜಿನ ಅಂದಾಜು, ತೀರ್ಪಿನ ತಾರೀಖು, ಇಷ್ಟೇ. ಹಣ ಸಂಘದ್ದೋ ಗುತ್ತಿಗೆದಾರರದ್ದೋ ಆಗಿರಲಿ, ಹುಡುಗನದ್ದು ಬೇಡ ಎಂದು ಕೊನೆಯಲ್ಲಿ ಸೇರಿಸಿದ್ದೆ. ಹಿರಿಯರಾದ ಕಾರ್ಯದರ್ಶಿ ಚಹಾ ತರಿಸಿ ನಿಧಾನವಾಗಿ ಓದಿದರು. ಟ್ಯೂಬ್‌ಲೈಟಿನ ಫೋಟೋ ಹತ್ತಿರ ನಿಂತರು. “ಭಾಯ್, ಕೋರ್ಟು ಕಚೇರಿ ಯಾಕೆ, ಸಮಾಧಾನ ಮಾಡೋಣ” ಎಂದರು. ಹತ್ತರಿಂದ ಶುರುವಾದ ಮಾತು ಹನ್ನೆರಡು ಸಾವಿರಕ್ಕೆ ನಿಂತಿತು. ಪಗಾರ ಹಿಡಿಯುವುದಿಲ್ಲ ಎಂದು ಬರೆದುಕೊಡಲು ಅವರು ಒಪ್ಪಲಿಲ್ಲ. ‘ಸಂಘದ ನಿಧಿಯಿಂದ’ ಎಂದು ರಸೀದಿಯಲ್ಲಿ ಬರೆಸಲು ಒಪ್ಪಿದರು. ಚೆಕ್ಕು ಪಡೆದು, ಇನ್ನೇನೂ ಬಾಕಿಯಿಲ್ಲ ಎಂದು ಸಹಿ ಹಾಕಿದೆ. ಗ್ಯಾರೇಜಿನವರು ಬಂಪರ್ ಬದಲಿಸದೆ ಸೀಳನ್ನು ಬೆಸೆದು ಕೊಟ್ಟಿದ್ದರಿಂದ ಖರ್ಚು 14,500ಕ್ಕೆ ಇಳಿಯಿತು. ನನ್ನ ಕೈಯಿಂದ ಹೋದದ್ದು ಎರಡೂವರೆ ಸಾವಿರ. ವಿಮೆಯ ರಿಯಾಯಿತಿ ಹಾಗೇ ಉಳಿಯಿತು.

ದೀಪಾವಳಿ ಕಳೆದ ಮೇಲೆ ಮತ್ತೆ ಆ ಕಡೆ ಹೋದಾಗ ಹುಡುಗ ಗೇಟಿನಲ್ಲಿ ಕುಳಿತು ಟೋಕನ್ ಹರಿದುಕೊಡುತ್ತಿದ್ದ. ಪಗಾರ ಹಿಡಿದರೇನಪ್ಪ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದ. ಈಗ ಕೀಲಿ ಮಾತ್ರ ಅವನ ಕೈಗೆ ಕೊಡುವುದಿಲ್ಲವಂತೆ. ಗಾಡಿ ತೆಗೆದುಕೊಟ್ಟಾಗ ಜನ ಕೊಡುವ ಹತ್ತು ಇಪ್ಪತ್ತು ರೂಪಾಯಿ ಗೇಟಿನಲ್ಲಿ ಕುಳಿತವನಿಗೆ ಸಿಗುವುದಿಲ್ಲ. ದಿನಕ್ಕೆ ನೂರಾದರೂ ಆಗುತ್ತಿತ್ತು ಎಂದ. ಹನ್ನೆರಡು ಸಾವಿರದ ಮಾತುಕತೆಯಲ್ಲಿ ಆ ನೂರು ರೂಪಾಯಿಯನ್ನು ನಾನೂ ಕಾರ್ಯದರ್ಶಿಯೂ ಇಬ್ಬರೂ ಎಣಿಸಿರಲಿಲ್ಲ. ಒಳಗೆ ಕಂಬದ ಮೇಲೆ ಹೊಸ ಟ್ಯೂಬ್‌ಲೈಟ್ ಉರಿಯುತ್ತಿತ್ತು.