ಒಂದು ಹ್ರಸ್ವ ಸ್ವರ

ಸೊಲ್ಲಾಪುರದ ಆ ಕನ್ನಡ ಕ್ರೈಸ್ತ ಕುಟುಂಬಕ್ಕೆ ಬಿಡುವೆಂಬುದಿಲ್ಲ. ತಂದೆಗೆ ಚಾದರದ ಕಾರ್ಖಾನೆ, ತಾಯಿಗೆ ಆಸ್ಪತ್ರೆಯ ಪಾಳಿ, ಮಗನಿಗೆ ಕ್ರಿಕೆಟ್, ಮಗಳಿಗೆ ಮರಾಠಿ ಶಾಲೆ, ಟ್ಯೂಷನ್. ರವಿವಾರ ಚರ್ಚಿನಲ್ಲಿ ಮರಾಠಿ ಆರಾಧನೆ. ಮಕ್ಕಳ ಮಾತೂ ಮರಾಠಿಗೆ ಹೊರಳಿತ್ತು. ಕನ್ನಡಕ್ಕೆ ಉಳಿದದ್ದು ರಾತ್ರಿಯ ಊಟಕ್ಕೆ ಮುಂಚೆ ಅಜ್ಜಿ ಮಾಡುವ ಪ್ರಾರ್ಥನೆಯೊಂದೇ.

ಅಜ್ಜಿಯ ಧ್ವನಿ ಕುಂದಿದಾಗ ಮೊಮ್ಮಗಳು ಆ ಪ್ರಾರ್ಥನೆಯನ್ನು ದೇವನಾಗರಿಯಲ್ಲಿ ಬರೆದುಕೊಂಡು ಓದಿದಳು. ಮರಾಠಿ ಬರಹದಲ್ಲಿ ಹ್ರಸ್ವ ಎಕಾರ, ಒಕಾರಗಳಿಗೆ ಬೇರೆ ಚಿಹ್ನೆಯಿಲ್ಲ. ‘ರೊಟ್ಟಿ ಕೊಡು’ ಎಂಬುದು ‘ರೋಟ್ಟಿ ಕೋಡು’ ಆಯಿತು.

“ದೇವರಿಗೆ ಕೋಡು ಬೇಡಿದಿಯಲ್ಲ, ಯವ್ವಾ!” ಎಂದು ಅಜ್ಜಿ ನಕ್ಕಳು, ಮರುಕ್ಷಣವೇ ಕಣ್ಣೊರೆಸಿಕೊಂಡಳು.

ತಾಯಿ ಏನನ್ನೂ ಹೇಳಲಿಲ್ಲ. ಮರುದಿನ ಮಗಳ ಟ್ಯೂಷನ್ನಿನ ವೇಳೆಯನ್ನು ಅರ್ಧ ಗಂಟೆ ಮುಂದೂಡಿಸಿದಳು. ಆ ಬಿಡುವಿನಲ್ಲಿ ಅಜ್ಜಿ ಪಾಟಿಯ ಮೇಲೆ ಮೊದಲು ಬರೆಸಿದ ಅಕ್ಷರ: ‘ಕೊ’.