ಭೂಮಣ್ಣಿ ಬುಟ್ಟಿ

ಶಿವಮೊಗ್ಗದ ಆಲ್ಕೊಳದಲ್ಲಿ ನಿಂತರೆ ಸಾಗರದ ಕಡೆಯ ಬಸ್ಸುಗಳು ಕಣ್ಣೆದುರೇ ಹಾದುಹೋಗುತ್ತವೆ. ದಸರೆ ಮುಗಿಯಿತೋ, ಅದರಲ್ಲೊಂದು ಹತ್ತಿ ನಾನು ತವರಿಗೆ ಹೊರಟುಬಿಡುತ್ತೇನೆ. ಯಾಕೆ ಗೊತ್ತೇ? ಬುಟ್ಟಿ ಬರೆಯುವುದಕ್ಕೆ!

ನೀವು ಮಲೆನಾಡಿನವರಲ್ಲದಿದ್ದರೆ ಹೇಳುತ್ತೇನೆ, ಕೇಳಿ. ವಿಜಯದಶಮಿ ಕಳೆದ ಐದನೇ ದಿನದ ಸೀಗೆ ಹುಣ್ಣಿಮೆ ನಮಗೆ ಭೂಮಿ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ತುಂಬಿ ನಿಂತ ಕಾಲ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಅಂತ ಹಿರಿಯರ ನಂಬಿಕೆ. ಹೆಂಗಸರು ರಾತ್ರಿಯೆಲ್ಲ ನಿದ್ದೆಗೆಟ್ಟು ಅಡುಗೆ ಮಾಡಿದರೆ, ಬೆಳಗಿನ ಜಾವ ಅದು ಎರಡು ಬಿದಿರಿನ ಬುಟ್ಟಿಗಳಲ್ಲಿ ಗದ್ದೆಗೆ ಹೋಗುತ್ತದೆ. ದೊಡ್ಡದು ಭೂಮಣ್ಣಿ ಬುಟ್ಟಿ. ಪೂಜೆಯ ಕಡುಬು, ಅನ್ನ, ಪಲ್ಯ ಅದರಲ್ಲಿ. ಚಿಕ್ಕದರಲ್ಲಿ ಗದ್ದೆಗೆ ಬೀರುವ ಹಚ್ಚಂಬಲಿ, ಅಂದರೆ ಬಗೆಬಗೆಯ ಸೊಪ್ಪು ಬೇಯಿಸಿದ್ದು.

ಬುಟ್ಟಿ ಹೆಣೆಯುವವರು ಮೇದಾರರು. ಅವರ ಬರಿಯ ಬುಟ್ಟಿ ವರ್ಷವಿಡೀ ಗೊಬ್ಬರ ಹೊರುತ್ತದೆ, ಅಡಿಕೆ ಹೊರುತ್ತದೆ. ಅದನ್ನೇ ಸಗಣಿಯಿಂದ ಸಾರಿಸಿ ಸಂದು ಮುಚ್ಚಿ, ಒಣಗಿಸಿ, ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆದರೆ ಭೂಮಣ್ಣಿ ಬುಟ್ಟಿ. ಕುಂಚ ಪುಂಡಿ ನಾರಿನದು. ಭತ್ತದ ಸಸಿ, ಬಸವನ ಪಾದ ಹೀಗೆ ಒಂದೊಂದು ಗೆರೆಗೂ ಅರ್ಥ ಉಂಟು. ದೀವರ ಹೆಂಗಸರು ಇದರಲ್ಲಿ ಎತ್ತಿದ ಕೈ.

ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡಿನ ಮೂಲನಿವಾಸಿ ಹೆಂಗಸರೂ ನಮ್ಮ ಕೇದಗೆ ಜಾತಿಯ ಗಿಡದ ಎಲೆ ಸೀಳಿ, ಬೇರಿನ ಬಣ್ಣ ಕಟ್ಟಿ ಚೀಲ ಹೆಣೆಯುತ್ತಾರೆ. ಗೆಡ್ಡೆ ಗೆಣಸು ತರಲು ಬರಿಯ ಚೀಲ, ಆಚರಣೆಗೆ ಹಕ್ಕಿಗರಿ ಸಿಕ್ಕಿಸಿದ ಚೀಲ. ಎಲ್ಲಿಯ ಊರು, ಎಲ್ಲಿಯ ನಾವು! ಹೆಣ್ಣಿನ ಬುದ್ಧಿ ಒಂದೇ ನೋಡಿ.

ಒಂದು ವರ್ಷ ನಾನು, "ಇದೆಲ್ಲ ಯಾರಿಗೆ ಬೇಕಮ್ಮಾ" ಅಂತ ಪೇಟೆಯಿಂದ ಪ್ಲಾಸ್ಟಿಕ್ ಬುಟ್ಟಿ ಒಯ್ದಿದ್ದೆ. ಅಮ್ಮ ಬೈಯಲಿಲ್ಲ. ಅದರಲ್ಲಿ ಸೌತೆಕಾಯಿ ತುಂಬಿಟ್ಟು, ತಾನೊಬ್ಬಳೇ ದೀಪದ ಬುಡದಲ್ಲಿ ಕೂತು ಹಳೆಯ ಬುಟ್ಟಿಗೆ ಕೆಮ್ಮಣ್ಣು ಬಳಿದಳು. ಆ ಬೆನ್ನು ಇನ್ನೂ ನನ್ನ ಕಣ್ಣಲ್ಲಿದೆ.

ಈಗ ಅವಳ ಕೈ ನಡುಗುತ್ತದೆ. ನಾನು ಬರೆಯುತ್ತೇನೆ, ಅವಳು ಪಕ್ಕದಲ್ಲಿ ಕೂತು ಹೇಳುತ್ತಾಳೆ. ನನ್ನ ಗೆರೆ ಸೊಟ್ಟ. "ಇರಲಿ ಬಿಡು, ಬರುವ ವರ್ಷ ನೆಟ್ಟಗಾಗ್ತದೆ" ಅನ್ನುತ್ತಾಳೆ. ಆಗ ಹೇಳಿಕೊಡಲು ಅವಳಿರಬೇಕಲ್ಲ ಅಂತ ನನಗೆ ಗಂಟಲು ಕಟ್ಟುತ್ತದೆ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಬುಟ್ಟಿ ಇದ್ದೀತು. ಇಳಿಸಿ, ಧೂಳು ಕೊಡವಿ, ಬಿಸಿಲಿಗಿಡಿ. ಅಮ್ಮನೋ ಅತ್ತೆಯೋ ಇರುವಾಗಲೇ ಪಕ್ಕದಲ್ಲಿ ಕೂತು ಕಲಿತುಬಿಡಿ.