ಚೂರಿ ಒಳಗೆ, ದೋಣಿ ಹೊರಗೆ

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಪುಟ್ಟ ಊರು ಆನ್‌ಸ್ಟ್ರದರ್. ಬಂದರಿನ ಎದುರಿಗೇ ಸ್ಕಾಟಿಷ್ ಫಿಷರೀಸ್ ಮ್ಯೂಸಿಯಂ; ಶುರುವಾದದ್ದು 1969ರಲ್ಲಿ. ಇಲ್ಲಿನ ಹೆಚ್ಚಿನ ಕಥೆಯೆಲ್ಲ ಹೆರಿಂಗ್ ಮೀನಿನದು, ನಮ್ಮ ಬೂತಾಯಿಯ ಬಳಗದ್ದು. ಅದನ್ನೇ ನಂಬಿ ಈ ತೀರದ ಊರುಗಳು ಬೆಳೆದವು. 1940ರ ದಶಕದ ಕೊನೆಯ ಹೊತ್ತಿಗೆ ಚಳಿಗಾಲದ ಹೆರಿಂಗ್ ಇತ್ತ ಬರುವುದೇ ನಿಂತಿತು. ಮೀನೇ ಬಾರದ ಮೇಲೆ ಮೀನುಗಾರಿಕೆಯಲ್ಲಿ ಉಳಿಸಿಕೊಳ್ಳುವುದು ಏನನ್ನು?

*

ಇಲ್ಲಿನ ಕಪಾಟಿನಲ್ಲೊಂದು ಮೀನು ಸೀಳುವ ಚೂರಿ. ಮುಷ್ಟಿಯಲ್ಲಿ ಅಡಗುವಷ್ಟು ಗಿಡ್ಡ. ಹೆಂಗಸರು ಮೂವರ ತಂಡ ಕಟ್ಟಿ ದುಡಿಯುತ್ತಿದ್ದರು: ಇಬ್ಬರು ಸೀಳಿ ಕರುಳು ತೆಗೆದರೆ, ಒಬ್ಬಾಕೆ ಪೀಪಾಯಿಯಲ್ಲಿ ಉಪ್ಪು ಹಾಕಿ ಜೋಡಿಸುವವಳು. ಪಳಗಿದ ಕೈ ನಿಮಿಷಕ್ಕೆ 60 ಮೀನು ಮುಗಿಸುತ್ತಿತ್ತಂತೆ. ಚೂರಿ ತಾಗದಿರಲಿ, ಗಾಯಕ್ಕೆ ಉಪ್ಪು ಇಳಿಯದಿರಲಿ ಎಂದು ಬೆರಳು ಬೆರಳಿಗೂ ಬಟ್ಟೆಯ ಪಟ್ಟಿ. ಮೀನಿನ ಹಿಂದೆಯೇ ಶೆಟ್‌ಲೆಂಡಿನಿಂದ ಇಂಗ್ಲೆಂಡಿನ ಯಾರ್ಮತ್‌ವರೆಗೆ ಹೋಗುತ್ತಿದ್ದರು. ಚೂರಿಯೇನೋ ಉಳಿದಿದೆ. ಆ ಕೈಚಳಕವನ್ನು ಯಾವ ಕಪಾಟಿನಲ್ಲಿ ಇಡುವುದು?

*

‘ರೀಪರ್’. 1902ರಲ್ಲಿ ಕಟ್ಟಿದ, ಸುಮಾರು 70 ಅಡಿಯ ಹಾಯಿದೋಣಿ. ಮ್ಯೂಸಿಯಂನವರು ಇದನ್ನು ರಿಪೇರಿ ಮಾಡಿ ಮತ್ತೆ ಕಡಲಿಗೆ ಇಳಿಸಿದರು. ಮರದ ದೋಣಿಯನ್ನು ದಡದಲ್ಲೇ ಬಿಟ್ಟರೆ ಹಲಗೆ ಒಣಗಿ ಸಂದು ಬಿಡುತ್ತದೆ, ನೀರಿನಲ್ಲಿಟ್ಟರೆ ಕೊಳೆಯುತ್ತದೆ. ಹಾಗಾಗಿ ಕೆಟ್ಟ ಹಲಗೆ ಕಿತ್ತು ಹೊಸದು ಕೂರಿಸುತ್ತಲೇ ಇರಬೇಕು. ಅದಕ್ಕೆ ಕೆಲಸ ಬಲ್ಲ ಬಡಗಿ ಬೇಕು. ದೋಣಿ ಉಳಿಯಬೇಕಾದರೆ ಮೊದಲು ಬಡಗಿತನ ಉಳಿಯಬೇಕು.

*

ಹಳೆಯದನ್ನು ಕಾಯುವ ಮ್ಯೂಸಿಯಂ ಹೊಸ ದೋಣಿಯನ್ನೇಕೆ ಮಾಡಿಸಿತು? 2009ರಲ್ಲಿ, ತನ್ನಲ್ಲಿದ್ದ ಫೇರ್ ಐಲ್ ದ್ವೀಪದ ದೋಣಿಯ ಜಾಡಿನಲ್ಲೇ 22 ಅಡಿಯ ಹೊಸ ದೋಣಿಗೆ ಇಯಾನ್ ಆಟ್ರೆಡ್ ಅವರಿಂದ ವಿನ್ಯಾಸ ಮಾಡಿಸಿತು. ಹೆಸರು ‘ಸೇಂಟ್ ಐಲ್ಸ್ ಸ್ಕಿಫ್’. ಹುಟ್ಟು ಹಾಕಲು ನಾಲ್ವರು, ಚುಕ್ಕಾಣಿಗೆ ಒಬ್ಬರು. ಕತ್ತರಿಸಿದ ಪ್ಲೈವುಡ್ ಹಲಗೆ ತರಿಸಿಕೊಂಡು ಊರಿನವರೇ ಸೇರಿ ಕಟ್ಟಬೇಕು. ಈ ದೋಣಿ ಊರಿಂದ ಊರಿಗೆ ಹಬ್ಬಿ, 2013ರಲ್ಲಿ ಉಲ್ಲಾಪೂಲ್‌ನಲ್ಲಿ ಇದರದ್ದೇ ವಿಶ್ವ ಚಾಂಪಿಯನ್‌ಶಿಪ್ಪೇ ನಡೆಯಿತು.

*

ದೋಣಿ ಕಟ್ಟುವ ವಿದ್ಯೆ ಜನರ ಕೈಗೆ ಮರಳಿತು. ಉಪ್ಪು ಕಚ್ಚಿದ ಬೆರಳುಗಳ ದುಡಿಮೆ ಮಾತ್ರ ಮರಳಿ ಬರಲಿ ಎಂದು ನಾನು ಯಾವ ಬಾಯಿಂದ ಹೇಳಲಿ? ಕಡಲಿನಲ್ಲಿ ಜೀವ ಕಳೆದುಕೊಂಡ ಮೀನುಗಾರರ ಸ್ಮಾರಕವೂ ಇದೇ ಕಟ್ಟಡದಲ್ಲಿದೆ. ಮುಂದುವರಿಸಬೇಕಾದ ವಿದ್ಯೆ, ಮರೆಯಬಾರದ ಕಷ್ಟ: ಎರಡನ್ನೂ ಬೇರೆಬೇರೆಯಾಗಿ ಕಾಯಬೇಕು. ಮೊದಲನೆಯದಕ್ಕೆ ಕಲಿಯುವ ಕೈಗಳು ಬೇಕು, ಎರಡನೆಯದಕ್ಕೆ ಗಾಜಿನ ಕಪಾಟೇ ಸರಿ.